ಮೊಬೈಲಿನಲ್ಲಿ ಶುಗರ್ ಲೆಕ್ಕ: ಕಾಸರಗೋಡಿನಲ್ಲಿ ಎಲ್ಲಿ ಉಪಯೋಗ, ಎಲ್ಲಿ ಎಡವಟ್ಟು

ಈಗ ಶುಗರ್ ನೋಡುವ ಮೀಟರ್ ಕೊಂಡರೆ ಹೆಚ್ಚಿನ ಕಂಪನಿಗಳು ಜೊತೆಗೊಂದು ಆ್ಯಪ್ ಕೊಡುತ್ತವೆ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದರೆ ಅಲ್ಲಿಯದು ಇನ್ನೊಂದು. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕೈಯಲ್ಲಿರುವುದು ಕೇರಳ ಆರೋಗ್ಯ ಇಲಾಖೆಯ ‘ಶೈಲಿ’. ಗಲ್ಫಿನಲ್ಲಿರುವ ಮಗ ರಜೆಗೆ ಬಂದಾಗ ಅಪ್ಪನ ಫೋನಿಗೆ ಹಾಕಿಕೊಟ್ಟದ್ದು ಮತ್ತೊಂದು. ನಾಲ್ಕೂ ಒಬ್ಬನೇ ಮನುಷ್ಯನ ಸಕ್ಕರೆ ಕಾಯಿಲೆಯ ಲೆಕ್ಕ ಇಡುತ್ತವೆ. ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿಲ್ಲ.

ಅಗತ್ಯ ಇದೆಯೆಂಬುದರಲ್ಲಿ ಅನುಮಾನವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹ, ಕೇರಳದಲ್ಲಿ ಶೇ. 25.5. ಗೋವಾ ಮತ್ತು ಪುದುಚೇರಿ ಮಾತ್ರ ಇದಕ್ಕಿಂತ ಮುಂದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಮನೆಗಳಲ್ಲಿ ಊಟಕ್ಕೆ ಕುಳಿತ ನಾಲ್ವರು ಹಿರಿಯರಲ್ಲಿ ಒಬ್ಬರು ಮಾತ್ರೆ ಹುಡುಕುವ ದೃಶ್ಯ ಹೊಸದೇನಲ್ಲ.

ಆ್ಯಪ್‌ಗಳಿಂದ ಗುಣವಿದೆಯೇ? ಇದೆ, ಆದರೆ ಜಾಹೀರಾತು ಹೇಳುವಷ್ಟಿಲ್ಲ. 2016ರಲ್ಲಿ 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೊಂದರಲ್ಲಿ, ಆ್ಯಪ್ ಬಳಸಿದ ಟೈಪ್ 2 ಮಧುಮೇಹಿಗಳ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆಯ ಅಂಕಿ) ಬಳಸದವರಿಗಿಂತ ಸುಮಾರು 0.5 ಅಂಶದಷ್ಟು ಹೆಚ್ಚು ಇಳಿದಿತ್ತು. 8.5 ಇದ್ದದ್ದು 8ಕ್ಕೆ ಬಂದ ಹಾಗೆ. ಕಿರಿಯರಿಗೆ ಪ್ರಯೋಜನ ಹೆಚ್ಚು. ವೈದ್ಯರು ಅಥವಾ ನರ್ಸ್ ಆ ಅಂಕಿಗಳನ್ನು ನೋಡಿ ಉತ್ತರ ಕೊಡುತ್ತಿದ್ದರೆ ಇನ್ನೂ ಹೆಚ್ಚು. ಚೆನ್ನೈಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೂ ಸರಳ. ಮಧುಮೇಹದ ಅಂಚಿನಲ್ಲಿದ್ದ 537 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಊಟ ಮತ್ತು ನಡಿಗೆಯ ಬಗ್ಗೆ ಆಗಾಗ ಎಸ್ಸೆಮ್ಮೆಸ್ ಹೋಗುತ್ತಿತ್ತು, ಅಷ್ಟೇ. ಎರಡು ವರ್ಷದೊಳಗೆ ಸಂದೇಶ ಪಡೆದವರಲ್ಲಿ ಶೇ. 18 ಮಂದಿಗೆ ಕಾಯಿಲೆ ಬಂತು, ಉಳಿದವರಲ್ಲಿ ಶೇ. 27 ಮಂದಿಗೆ. ಅಲ್ಲಿ ಬಣ್ಣದ ಗ್ರಾಫೂ ಇರಲಿಲ್ಲ, ‘ಸತತ ಏಳು ದಿನ, ಶಭಾಷ್’ ಎಂಬ ಪದಕವೂ ಇರಲಿಲ್ಲ. ಅಂಕಿಯನ್ನು ನೋಡಿ ಏನು ಬದಲಿಸಬೇಕೆಂದು ಹೇಳುವ ಒಬ್ಬರು ಇದ್ದರೆ ಆ್ಯಪ್ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಅದು ದುಬಾರಿ ಡೈರಿ. ಆ ಒಬ್ಬರ ತನಕ ಸರಿಯಾದ ಅಂಕಿ ತಲುಪುವುದಕ್ಕೆ ಕಾಸರಗೋಡಿನಲ್ಲಿ ಏನೇನು ಅಡ್ಡ ಬರುತ್ತದೆ ಎಂಬುದನ್ನು ಒಂದೊಂದಾಗಿ ನೋಡಬಹುದು.

ಅಂಕಿ ಹುಟ್ಟುವಲ್ಲೇ ತಪ್ಪಿದರೆ

ಮೊದಲನೆಯದು ಬೆರಳು. ಹಲಸಿನ ತೊಳೆ ಬಿಡಿಸಿದ, ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆ ರಕ್ತದ ಹನಿಗೆ ಸೇರಿ ಅಂಕಿ ಎಷ್ಟೋ ಮೇಲೆ ಹೋಗುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಬದಿಯಲ್ಲಿ ಚುಚ್ಚಬೇಕು. ಕೈ ಒದ್ದೆಯಿದ್ದರೆ ಹನಿ ತೆಳುವಾಗಿ ಅಂಕಿ ಕೆಳಗೆ ಬರುತ್ತದೆ.

ಎರಡನೆಯದು ಸ್ಟ್ರಿಪ್. ಅದರ ಮೇಲಿರುವ ಕಿಣ್ವ ತೇವ ಮತ್ತು ಬಿಸಿಗೆ ಹಾಳಾಗುತ್ತದೆ. ನಮ್ಮ ಮಳೆಗಾಲದಲ್ಲಿ ಹಪ್ಪಳವೇ ಗಂಟೆಯೊಳಗೆ ಮೆತ್ತಗಾಗುವಾಗ, ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ಉಳಿಯುವುದಿಲ್ಲ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಬೇಕು. ಫ್ರಿಜ್‌ನಲ್ಲಿ ಇಡಬಾರದು, ಹೊರಗೆ ತೆಗೆದಾಗ ಒಳಗೆ ಹನಿ ಕಟ್ಟುತ್ತದೆ. ಡಬ್ಬಿ ತೆರೆದ ದಿನವನ್ನು ಪೆನ್ನಿನಿಂದ ಅದರ ಮೇಲೆಯೇ ಬರೆದಿಡಿ. ತೆರೆದ ಮೇಲೆ ಎಷ್ಟು ತಿಂಗಳು ಬಾಳಿಕೆ ಎಂದು ಡಬ್ಬಿಯಲ್ಲೇ ಮುದ್ರಿಸಿರುತ್ತಾರೆ. ಎಲ್ಲವೂ ಸರಿಯಿದ್ದರೂ ಮೀಟರ್‌ಗೆ ತುಸು ವಿನಾಯಿತಿ ಇದೆ. 2013ರ ಅಂತಾರಾಷ್ಟ್ರೀಯ ಮಾನದಂಡ ಕೇಳುವುದಿಷ್ಟು: ನೂರರಲ್ಲಿ 95 ಅಳತೆಗಳು ಪ್ರಯೋಗಾಲಯದ ಅಂಕಿಗಿಂತ ಶೇ. 15ರೊಳಗೆ ಆಚೀಚೆ ಇದ್ದರೆ ಸಾಕು. 100ಕ್ಕಿಂತ ಕೆಳಗಿನ ಅಂಕಿಗಳಲ್ಲಿ 15 ಮಿ.ಗ್ರಾಂ. ಒಳಗೆ. ಅಂದರೆ ನಿನ್ನೆ 142, ಇಂದು 155 ಬಂದರೆ ಅದಕ್ಕೆ ಕಾರಣ ಹುಡುಕುತ್ತ ಕೂರಬೇಕಿಲ್ಲ. ಆ್ಯಪ್ ಮಾತ್ರ ಅದಕ್ಕೊಂದು ಕೆಂಪು ಬಾಣ ಹಾಕಿ ಗಾಬರಿಪಡಿಸುತ್ತದೆ.

ಮೂರನೆಯದು ಹೊರದೇಶದಿಂದ ಬಂದ ಮೀಟರ್. ಭಾರತದಲ್ಲಿ ಶುಗರ್ ಹೇಳುವುದು ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ, ಇಂಗ್ಲೆಂಡಿನಂಥ ದೇಶಗಳಲ್ಲಿ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ. ಲೀಟರಿಗೆ ಒಂದು ಮಿಲಿಮೋಲ್ ಅಂದರೆ ಡೆಸಿಲೀಟರ್‌ಗೆ 18 ಮಿ.ಗ್ರಾಂ. ಮೀಟರ್ 9.5 ತೋರಿಸಿದರೆ ಇಲ್ಲಿಯ ಲೆಕ್ಕಕ್ಕೆ ಅದು 171. ಆ್ಯಪ್‌ನ ಸೆಟ್ಟಿಂಗ್ ಬೇರೆ ಮಾನದಲ್ಲಿದ್ದರೆ ಅಂಕಿ ಸ್ವೀಕರಿಸುವುದಿಲ್ಲ, ಇಲ್ಲವೇ ತಪ್ಪು ಅರ್ಥ ಕೊಡುತ್ತದೆ. ಗಡಿಯಾರವೂ ಹಾಗೆಯೇ. ದುಬೈ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮೀಟರ್‌ನ ಸಮಯ ಬದಲಿಸದೆ ಬ್ಲೂಟೂತ್ ಜೋಡಿಸಿದರೆ, ಬೆಳಗಿನ ತಿಂಡಿಯಾಗಿ ಒಂದೂವರೆ ಗಂಟೆಯ ಮೇಲೆ ನೋಡಿದ ಶುಗರ್ ‘ಖಾಲಿ ಹೊಟ್ಟೆ’ಯ ಪಟ್ಟಿಗೆ ಹೋಗಿ ಕೂರುತ್ತದೆ. ವೈದ್ಯರು ಅದನ್ನು ನಂಬಿ ರಾತ್ರಿಯ ಮದ್ದು ಏರಿಸಿದರೆ ತಪ್ಪು ಅವರದ್ದಲ್ಲ.

ಗಂಜಿಯ ಲೆಕ್ಕ

ಆ್ಯಪ್‌ಗಳು ಅತಿ ಹೆಚ್ಚು ಸೋಲುವುದು ಊಟದಲ್ಲಿ. ಅವುಗಳ ಪಟ್ಟಿಯಲ್ಲಿ ಚಪಾತಿ, ಪನೀರು, ಓಟ್ಸ್ ಧಾರಾಳ. ಕುಚಲಕ್ಕಿ ಗಂಜಿ, ನೀರುದೋಸೆ, ಕೊಟ್ಟಿಗೆ, ಪುಂಡಿ, ಸೇಮಿಗೆ, ಪತ್ತಿರಿ, ಪತ್ರೊಡೆ ಹುಡುಕಿದರೆ ಸಿಕ್ಕರೆ ಸಿಕ್ಕಿತು. ಸಿಕ್ಕಿದ್ದನ್ನೂ ನಂಬುವ ಹಾಗಿಲ್ಲ, ಯಾಕೆಂದರೆ ಗಂಜಿಗೆ ಒಬ್ಬೊಬ್ಬರು ಹಾಕುವ ನೀರು ಒಂದೊಂದು ಬಗೆ.

ನಮ್ಮ ಊಟದ ಒಂದು ಗುಣವನ್ನು ಹಿಡಿದರೆ ಈ ತೊಡಕು ಬಿಡುತ್ತದೆ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದೆಲ್ಲ ಅಕ್ಕಿಯೇ. ಬೇಯಿಸಿದ ಮೇಲೆ ಅಳೆಯುವ ಬದಲು ಬೇಯಿಸುವ ಮೊದಲೇ ಅಕ್ಕಿ ತೂಗಿದರೆ ನೀರಿನ ಗೊಡವೆ ಇಲ್ಲ. 100 ಗ್ರಾಂ ಒಣ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಯಲ್ಲಿ ಸಕ್ಕರೆಯಾಗುವ ಪಿಷ್ಟ. ಮನೆಯ ಕುಡ್ತೆ ಅಥವಾ ಲೋಟದ ಅಳತೆಗೆ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆಂದು ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡರೆ ಮತ್ತೆ ತೂಗುವ ಅಗತ್ಯವಿಲ್ಲ. ನಾಲ್ವರ ಗಂಜಿಗೆ 300 ಗ್ರಾಂ ಅಕ್ಕಿ ಹಾಕಿದರೆ ಒಟ್ಟು 234 ಗ್ರಾಂ ಪಿಷ್ಟ; ಸಮಪಾಲು ಬಡಿಸಿಕೊಂಡರೆ ಒಬ್ಬರಿಗೆ 58. ಅನ್ನ ಬಸಿದರೆ ಸ್ವಲ್ಪ ಪಿಷ್ಟ ತಿಳಿಯ ಜೊತೆ ಹೋಗುತ್ತದೆ, ಆದರೆ ಆ ತಿಳಿಗೆ ಉಪ್ಪು ಹಾಕಿ ಕುಡಿದರೆ ಹೋದದ್ದು ವಾಪಸು ಬಂತು. ನೀರುದೋಸೆಗೂ ಇದೇ ದಾರಿ: 250 ಗ್ರಾಂ ಅಕ್ಕಿಯ ಹಿಟ್ಟಿನಲ್ಲಿ 15 ದೋಸೆ ಎದ್ದರೆ ಒಂದಕ್ಕೆ 13 ಗ್ರಾಂ. ‘ಕಾಗದದಷ್ಟು ತೆಳು, ಏನಾಗುವುದಿಲ್ಲ’ ಎಂದು ಆರು ತಿಂದರೆ 78 ಗ್ರಾಂ. ಜೊತೆಗಿರುವ ಕಾಯಿಬೆಲ್ಲದಲ್ಲಿ ಬೆಲ್ಲದ ತೂಕದ ಬಹುಪಾಲು ಸಕ್ಕರೆಯೇ.

ಇಲ್ಲಿ ಎಚ್ಚರ ಬೇಕಾದ ಒಂದು ಕಡೆ ಇದೆ. ಒಣ ಅಕ್ಕಿಯನ್ನು ತೂಗಿ, ಆ್ಯಪ್‌ನಲ್ಲಿ ಬೇಯಿಸಿದ ಅನ್ನದ ಹೆಸರು ಒತ್ತಿದರೆ ಲೆಕ್ಕ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಯಾಕೆಂದರೆ 100 ಗ್ರಾಂ ಅನ್ನದಲ್ಲಿರುವ ಪಿಷ್ಟ ಬರೇ 28 ಗ್ರಾಂ. ಊಟದ ಪಿಷ್ಟ ನೋಡಿ ಇನ್ಸುಲಿನ್ ಹಾಕುವವರಿಗೆ ಇದು ಸಣ್ಣ ತಪ್ಪಲ್ಲ. ಇನ್ನೊಂದು, ಆ್ಯಪ್ ದೊಡ್ಡಕ್ಷರದಲ್ಲಿ ತೋರಿಸುವುದು ಕ್ಯಾಲೊರಿ. ತೆಂಗಿನಕಾಯಿ ಅರೆದ ಮೇಲಾರದಲ್ಲಿ ಕ್ಯಾಲೊರಿ ಬೇಕಾದಷ್ಟಿದೆ, ಪಿಷ್ಟ ಕಡಿಮೆ. ತೂಕ ಇಳಿಸಬೇಕಾದವರು ಮೊದಲನೆಯದನ್ನು ನೋಡಲಿ. ಊಟದ ನಂತರದ ಶುಗರ್ ಯಾಕೆ ಏರಿತೆಂದು ತಿಳಿಯಬೇಕಾದವರು ಎರಡನೆಯದನ್ನು.

ಹಣ್ಣುಗಳಲ್ಲಿ ಹಲಸು ಮತ್ತು ನೇಂದ್ರ ಬಾಳೆ ಮುಖ್ಯ. ಬೀಜ ತೆಗೆದ ಹಲಸಿನ ತೊಳೆ 100 ಗ್ರಾಂಗೆ ಸುಮಾರು 23 ಗ್ರಾಂ ಕಾರ್ಬೋಹೈಡ್ರೇಟ್, ನೇಂದ್ರ 30ರ ಆಸುಪಾಸು. ಮೇ, ಜೂನ್ ತಿಂಗಳ ಗ್ರಾಫ್ ಏರಿದ್ದಕ್ಕೆ ಎಷ್ಟೋ ಸಲ ಹಿತ್ತಿಲ ಮರವೇ ಉತ್ತರ. ಹಾಗೆಂದು ಮುಟ್ಟಲೇಬಾರದೆಂದಲ್ಲ, ನಾಲ್ಕು ತೊಳೆ ತಿನ್ನುವ ದಿನ ಅನ್ನ ಅಷ್ಟು ಕಡಿಮೆ ಮಾಡಿಕೊಂಡರೆ ಲೆಕ್ಕ ಕೂಡುತ್ತದೆ.

ಹೆಚ್ಚಿನ ಆ್ಯಪ್‌ಗಳಲ್ಲಿ ‘ನನ್ನ ಅಡುಗೆ’ ಎಂದು ಸ್ವಂತ ತಿಂಡಿ ಸೇರಿಸುವ ಜಾಗವಿರುತ್ತದೆ. ಮನೆಯಲ್ಲಿ ತಿರುಗಿ ತಿರುಗಿ ಆಗುವ ಹತ್ತು ಹನ್ನೆರಡು ಬಗೆಗಳನ್ನು ಒಂದು ಭಾನುವಾರ ಕೂತು ಸೇರಿಸಿದರೆ ಆಮೇಲೆ ಹುಡುಕಾಟವಿಲ್ಲ. ಬಟ್ಟಲಿನ ಫೋಟೊ ತೆಗೆದರೆ ಸಾಕು, ಲೆಕ್ಕ ತಾನೇ ಮಾಡುತ್ತೇನೆನ್ನುವ ಆ್ಯಪ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡುವುದು ಒಳ್ಳೆಯದು. ಗಂಜಿಯ ತಟ್ಟೆಯಲ್ಲಿ ನೀರಿನ ಕೆಳಗೆ ಅನ್ನ ಎಷ್ಟಿದೆಯೆಂದು ಕ್ಯಾಮರಾಕ್ಕೆ ಕಾಣುವುದಿಲ್ಲ.

ಯಾವಾಗ ಚುಚ್ಚಬೇಕು

ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ನೋಡಿ ಆರು ತಿಂಗಳ ಉದ್ದದ ಪಟ್ಟಿ ತರುವವರು ಬಹಳ. ಅಷ್ಟು ಸ್ಟ್ರಿಪ್ ಖರ್ಚಾದರೂ ಊಟದ ಬಗ್ಗೆ ಅದು ಏನೂ ಹೇಳುವುದಿಲ್ಲ. ಮಾತ್ರೆಯಲ್ಲೇ ಇರುವವರು ಜೋಡಿಯಾಗಿ ನೋಡುವುದು ಲಾಭ. ಮೂರು ದಿನ ತಿಂಡಿಯ ಮೊದಲು ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಯ ಮೇಲೆ. ಮುಂದಿನ ಮೂರು ದಿನ ಮಧ್ಯಾಹ್ನದ ಊಟಕ್ಕೆ. ಮತ್ತೆ ಮೂರು ದಿನ ರಾತ್ರಿಯದಕ್ಕೆ. ಹದಿನೆಂಟು ಸ್ಟ್ರಿಪ್‌ಗಳಲ್ಲಿ ಕೆಲಸ ಮುಗಿಯಿತು. ವೈದ್ಯರ ಭೇಟಿಯ ಹಿಂದಿನ ಎರಡು ವಾರದಲ್ಲಿ ಇದನ್ನು ಮಾಡಬೇಕು. ಸಾಮಾನ್ಯ ಗುರಿ ಊಟಕ್ಕೆ ಮೊದಲು 80ರಿಂದ 130, ಎರಡು ಗಂಟೆಯ ಮೇಲೆ 180ರ ಒಳಗೆ. ವಯಸ್ಸಾದವರಿಗೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಆ್ಯಪ್‌ನ ಸೆಟ್ಟಿಂಗಿನಲ್ಲೂ ಆ ಅಂಕಿಯನ್ನೇ ಹಾಕಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಪರೀಕ್ಷೆಯ ವೇಳಾಪಟ್ಟಿ ಬೇರೆ, ಅದನ್ನು ವೈದ್ಯರೇ ಬರೆದುಕೊಡಬೇಕು.

ಕೆಲವು ಆ್ಯಪ್‌ಗಳು ‘ನಿಮ್ಮ ಅಂದಾಜು ಎಚ್‌ಬಿಎ1ಸಿ 6.4’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತವೆ. ಇದು ನೀವು ತುಂಬಿದ ಅಂಕಿಗಳ ಸರಾಸರಿಯಿಂದ ಬಂದದ್ದು. ಎಚ್‌ಬಿಎ1ಸಿ 7 ಇದ್ದರೆ ಮೂರು ತಿಂಗಳ ಸರಾಸರಿ ಶುಗರ್ ಸುಮಾರು 154; ಅದೇ ಸೂತ್ರವನ್ನು ಅವು ಹಿಂದುಮುಂದಾಗಿ ಬಳಸುತ್ತವೆ. ಖಾಲಿ ಹೊಟ್ಟೆಯ ಅಂಕಿಗಳನ್ನೇ ತುಂಬಿದವರಿಗೆ ಉತ್ತರ ಸಾಮಾನ್ಯವಾಗಿ ನಿಜಕ್ಕಿಂತ ಚೆನ್ನಾಗಿಯೇ ಬರುತ್ತದೆ. ರಕ್ತ ಕೊಟ್ಟು ಮಾಡಿಸುವ ಪರೀಕ್ಷೆಗೆ ಅದು ಬದಲಿಯಲ್ಲ.

ಇನ್ಸುಲಿನ್: ಇಲ್ಲಿ ಆ್ಯಪ್ ಕೈಗೆ ಬಿಡಬಾರದು

ಇಷ್ಟು ಊಟ, ಇಷ್ಟು ಶುಗರ್, ಹಾಗಾದರೆ ಇಷ್ಟು ಯೂನಿಟ್ ಎಂದು ಹೇಳಿಕೊಡುವ ಆ್ಯಪ್‌ಗಳಿವೆ. ಇಂಥ 46 ಆ್ಯಪ್‌ಗಳನ್ನು ಪರಿಶೀಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು: ಶೇ. 67ರಷ್ಟು ಆ್ಯಪ್‌ಗಳು ತಪ್ಪು ಪ್ರಮಾಣ ಸೂಚಿಸುವ ಅಪಾಯ ಹೊಂದಿದ್ದವು, ಬಳಸಿದ ಸೂತ್ರವನ್ನು ತಿಳಿಸಿದ್ದು ಶೇ. 30 ಮಾತ್ರ. ಅಸಾಧ್ಯವಾದ ಅಂಕಿ ಒತ್ತಿದರೂ ತಡೆಯದವು ಹತ್ತರಲ್ಲಿ ಒಂಬತ್ತು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಚಿಕಿತ್ಸೆಗೆ ಬಳಸುವ ತಂತ್ರಾಂಶವೂ ವೈದ್ಯಕೀಯ ಉಪಕರಣಗಳ ವ್ಯಾಖ್ಯೆಯೊಳಗೆ ಬಂದಿದೆ, ಆದರೂ ಆ್ಯಪ್ ಅಂಗಡಿಯಲ್ಲಿ ಯಾವುದು ಪರೀಕ್ಷೆಗೊಳಪಟ್ಟದ್ದು, ಯಾವುದು ಅಲ್ಲ ಎಂದು ಸಾಮಾನ್ಯರಿಗೆ ಕಾಣುವ ಗುರುತು ಇಲ್ಲ.

ಇದಕ್ಕಿಂತ ದೊಡ್ಡ ಅಪಾಯ ಆ್ಯಪ್‌ಗೆ ಗೊತ್ತೇ ಆಗದ ಕಡೆ ಇದೆ: ಸಿರಿಂಜಿನಲ್ಲಿ. ಭಾರತದ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನವು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಡ್ಜ್ ಮತ್ತು ಗಲ್ಫಿನಿಂದ ಬರುವ ಬಾಟಲಿ 100 ಯೂನಿಟ್‌ನವು; ಸಿರಿಂಜಿನ ಮುಚ್ಚಳ ಕಿತ್ತಳೆ. ಗಲ್ಫಿನ ಬಾಟಲಿಯಿಂದ ಇಲ್ಲಿಯ ಕೆಂಪು ಸಿರಿಂಜಿನಲ್ಲಿ 20ರ ಗೆರೆಯ ತನಕ ಎಳೆದರೆ ಬಂದದ್ದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು; ಪ್ರಜ್ಞೆ ತಪ್ಪುವಷ್ಟು ಶುಗರ್ ಇಳಿಯಬಹುದು. ತಿರುಗಾಮುರುಗಾ, ಇಲ್ಲಿಯ ಬಾಟಲಿಗೆ ಅಲ್ಲಿಯ ಕಿತ್ತಳೆ ಸಿರಿಂಜು ಹಾಕಿದರೆ 20ರ ಗೆರೆಯಲ್ಲಿ ಸಿಗುವುದು 8 ಯೂನಿಟ್, ಶುಗರ್ ಇಳಿಯುವುದೇ ಇಲ್ಲ. ಎರಡೂ ಸಲ ಆ್ಯಪ್‌ನಲ್ಲಿ ದಾಖಲಾಗುವುದು ‘20’. ಸೂಟ್‌ಕೇಸಿನಲ್ಲಿ ಬಂದ ಇನ್ಸುಲಿನ್ ಬಳಸುವ ಮನೆಗಳಲ್ಲಿ ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಪ್ರತಿ ಹೊಸ ಪೆಟ್ಟಿಗೆಗೆ ಹೊಂದಿಸಿ ನೋಡಲೇಬೇಕು.

ಶುಗರ್ 70ಕ್ಕಿಂತ ಇಳಿದರೆ ಆ್ಯಪ್ ತೆರೆದು ತುಂಬುತ್ತ ಕೂರುವ ಸಮಯವಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಮತ್ತೊಮ್ಮೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತಿನ್ನುವ ಹಿರಿಯರಲ್ಲಿ ಸರಿಹೋದ ಶುಗರ್ ಕೆಲವು ಗಂಟೆಯ ಮೇಲೆ ಮತ್ತೆ ಇಳಿಯುವುದುಂಟು. ಇಲ್ಲಿ ಆ್ಯಪ್‌ನ ನೆನಪೋಲೆಯೇ ಕೆಡುಕು ಮಾಡಬಹುದು: ಬೆಳಗ್ಗೆ 8 ಗಂಟೆಗೆ ‘ಮದ್ದು ತೆಗೆದುಕೊಳ್ಳಿ’ ಎಂದು ಅದು ಕೂಗುತ್ತದೆ, ಇವತ್ತು ಏಕಾದಶಿಯೋ ರಂಜಾನ್ ಉಪವಾಸವೋ ಅದಕ್ಕೆ ತಿಳಿಯದು. ಉಪವಾಸದ ದಿನಗಳ ಮದ್ದಿನ ಕ್ರಮವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಂಡು ನೆನಪೋಲೆಯ ಹೊತ್ತು ಬದಲಿಸಬೇಕು. ಉಪವಾಸದ ನಡುವೆ ಶುಗರ್ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕೆಂಬುದು ರಂಜಾನ್ ಕುರಿತ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಮಾತು.

ತೋಳಿಗೆ ಅಂಟಿಸಿ ಶುಗರ್‌ನ್ನು ಸತತ ಅಳೆಯುವ ಸೆನ್ಸರ್ ಬಗ್ಗೆ ಸ್ವಲ್ಪ. ಹೆಚ್ಚು ಬಳಕೆಯಲ್ಲಿರುವ ಬಗೆ ಸುಮಾರು ಎರಡು ವಾರ ಬರುತ್ತದೆ, ಬೆಲೆ ಸಾವಿರಗಳಲ್ಲಿ. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ಹಾಗಾಗಿ ರಕ್ತದ ಶುಗರ್‌ಗಿಂತ ಐದು ಹತ್ತು ನಿಮಿಷ ಹಿಂದೆ. ಆ ಕೈಯ ಮೇಲೆ ಮಲಗಿದರೆ ರಾತ್ರಿ ಸುಳ್ಳು ಇಳಿತ ತೋರಿಸುತ್ತದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪ್‌ನ್ನು ಹಿಂದಿನಿಂದ ಮುಚ್ಚಿಬಿಟ್ಟರೆ ಅಲಾರಂ ಹೊಡೆಯುವುದಿಲ್ಲ; ಆ್ಯಂಡ್ರಾಯ್ಡ್ ಫೋನಿನಲ್ಲಿ ಆ ಒಂದು ಆ್ಯಪ್‌ಗೆ ನಿರ್ಬಂಧ ತೆಗೆದುಹಾಕಬೇಕು. ಟೈಪ್ 1 ಇರುವ ಮಕ್ಕಳಿಗೆ ಕೇರಳ ಸರಕಾರದ ‘ಮಿಠಾಯಿ’ ಯೋಜನೆಯಲ್ಲಿ ಇನ್ಸುಲಿನ್, ಸೆನ್ಸರ್ ಸಹಾಯವಿದೆ, ವಿಚಾರಿಸಬೇಕು. ಚುಚ್ಚದೆ ಶುಗರ್ ಹೇಳುತ್ತೇವೆನ್ನುವ ಕೈಗಡಿಯಾರ, ಉಂಗುರಗಳಿಗೆ ಹಣ ಸುರಿಯಬೇಡಿ. ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಬಹಿರಂಗ ಎಚ್ಚರಿಕೆ ಕೊಟ್ಟಿತ್ತು.

ಗಡಿಯ ತಲಪಾಡಿಯ ಆಚೆ, ಈಚೆ

ಇನ್ನು ಉಳಿದದ್ದು ಅಂಕಿ ನೋಡುವ ಮನುಷ್ಯ. ಕೇರಳದ ವ್ಯವಸ್ಥೆ ಇದರಲ್ಲಿ ಹಿಂದಿಲ್ಲ. 2022ರಿಂದ ಆಶಾ ಕಾರ್ಯಕರ್ತೆಯರು ‘ಶೈಲಿ’ಯ ಮೂಲಕ 30 ದಾಟಿದವರ ಮನೆಮನೆ ತಪಾಸಣೆ ಮಾಡುತ್ತಿದ್ದಾರೆ, ಪ್ರಶ್ನೆಗಳ ಉತ್ತರಕ್ಕೆ ಅಂಕ ಕೊಟ್ಟು ಅಪಾಯವಿದ್ದವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಅದರ ಕ್ರಮ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಜೀವನಶೈಲಿ ರೋಗಗಳ ಕ್ಲಿನಿಕ್, ‘ನಯನಾಮೃತಂ’ ಹೆಸರಿನ ಕಣ್ಣಿನ ತಪಾಸಣೆ, ಮನೆಯಿಂದಲೇ ವೈದ್ಯರ ಜೊತೆ ಮಾತಾಡುವ ಇ-ಸಂಜೀವನಿ ಎಲ್ಲ ಇವೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿಗೆ ಫೋನಿನ ಮಲಯಾಳ ಅಕ್ಷರ ಓದಲಾಗದು, ಇಂಗ್ಲಿಷೂ ಆಗದು. ಮಾತಾಡುವಾಗ ತುಳು, ಮಲಯಾಳ, ಬ್ಯಾರಿ ಏನಾದರೂ ನಡೆಯುತ್ತದೆ. ತೆರೆಯ ಮೇಲಿನ ಸೂಚನೆ ಓದುವಾಗ ನಡೆಯುವುದಿಲ್ಲ. ಎಲ್ಲಿ ಕನ್ನಡ ಆಯ್ಕೆ ಇದೆಯೋ ಅಲ್ಲಿ ಆ್ಯಪ್‌ನ ಭಾಷೆಯನ್ನು ಕೈಯಾರೆ ಬದಲಿಸಿಕೊಡುವುದು ಮನೆಯ ಕಿರಿಯರ ಕೆಲಸ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಆರೋಗ್ಯ ಸಂದೇಶಗಳು ಕನ್ನಡದಲ್ಲೂ ಬರಬೇಕೆಂಬ ಬೇಡಿಕೆ ಫಲಕ ಮತ್ತು ಅರ್ಜಿಗಳಲ್ಲೇ ನಿಂತಿದೆ. ಅದನ್ನು ಮೊಬೈಲ್ ತನಕ ಒಯ್ಯುವ ಕಾಲ ಇದು.

ಕಡತಗಳ ಸಂಗತಿ ಇನ್ನೂ ಸಿಕ್ಕು. ಮಾಸಿಕ ಮಾತ್ರೆ ಇಲ್ಲಿಯ ಆರೋಗ್ಯ ಕೇಂದ್ರದಿಂದ, ತಜ್ಞರು ಮಂಗಳೂರಿನಲ್ಲಿ. ಈ ಅವಲಂಬನೆ ಎಷ್ಟು ಆಳ ಎಂಬುದು 2020ರ ಮಾರ್ಚ್ ಕೊನೆಗೆ, ಕೊರೊನಾ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಎಲ್ಲರಿಗೂ ಗೊತ್ತಾಯಿತು. ಎರಡೂ ಕಡೆಯ ಮದ್ದು ಒಂದೇ ಆಗಿದ್ದು ಹೆಸರು ಬೇರೆಯಿದ್ದರೆ, ಒಂದೇ ಮೆಟ್‌ಫಾರ್ಮಿನ್ ಅಥವಾ ಗ್ಲಿಮೆಪಿರೈಡ್‌ನ್ನು ಎರಡು ಹೆಸರಿನಲ್ಲಿ ಎರಡು ಸಲ ನುಂಗುವವರಿದ್ದಾರೆ. ಆ್ಯಪ್‌ನ ಮದ್ದಿನ ಪಟ್ಟಿಯಲ್ಲಿ ಕಂಪನಿ ಹೆಸರಿನ ಜೊತೆ ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ ಬರೆದರೆ ಈ ದ್ವಿಗುಣ ಕಣ್ಣಿಗೆ ಬೀಳುತ್ತದೆ. ಕೇಂದ್ರ ಸರಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಬೇರೆ ಬೇರೆ ಕಡೆಯ ದಾಖಲೆಯನ್ನು ಒಂದುಗೂಡಿಸಬೇಕೆಂದೇ ಬಂದದ್ದು, ಆದರೆ ಆಸ್ಪತ್ರೆ ಅದಕ್ಕೆ ಜೋಡಿಸಿದರೆ ಮಾತ್ರ. ಸದ್ಯಕ್ಕೆ ನಂಬಬಹುದಾದ ದಾರಿ ಹಳೆಯದೇ: ಆ್ಯಪ್‌ನಿಂದ ಎರಡು ವಾರದ ಪಟ್ಟಿಯನ್ನು ಪಿಡಿಎಫ್ ಮಾಡಿ, ಒಂದು ಹಾಳೆಯಲ್ಲಿ ಮುದ್ರಿಸಿ ಒಯ್ಯುವುದು. ಒಪಿಡಿಯ ನಾಲ್ಕೈದು ನಿಮಿಷದಲ್ಲಿ ವೈದ್ಯರು ನಿಮ್ಮ ಫೋನ್ ಉಜ್ಜುತ್ತ ಕೂರಲಾರರು.

ಗೋಪ್ಯತೆಯ ಬಗ್ಗೆ ಇಷ್ಟು: ಶುಗರ್ ಆ್ಯಪ್‌ಗೆ ನಿಮ್ಮ ಸಂಪರ್ಕ ಪಟ್ಟಿ ಬೇಕಾಗಿಲ್ಲ. ಕೇಳಿದರೆ ಬೇಡವೆನ್ನಿ. ಉಚಿತ ಆ್ಯಪ್‌ನ ಒಳಗೆ ಸ್ಟ್ರಿಪ್, ಪುಡಿ, ‘ಶುಗರ್ ಗುಣಪಡಿಸುವ’ ಪ್ಯಾಕೇಜು ಮಾರುವವರ ಕರೆ ಬಂದರೆ ಮದ್ದು ನಿಲ್ಲಿಸಲು ಹೇಳುತ್ತಾರೋ ನೋಡಿ. ಹೇಳಿದರೆ ಆ್ಯಪ್ ತೆಗೆದುಹಾಕಿ.

ದೂರದಲ್ಲಿರುವ ಮಕ್ಕಳು ಅಪ್ಪ ಅಮ್ಮನ ಅಂಕಿಗಳನ್ನು ತಮ್ಮ ಫೋನಿನಲ್ಲಿ ನೋಡುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. ಅದನ್ನು ಜೋಡಿಸುವ ದಿನವೇ ಮೂರು ಸಂಗತಿ ಬರೆದು ಗೋಡೆಗೆ ಅಂಟಿಸಬೇಕು: ಯಾವ ಅಂಕಿ ಕಂಡರೆ ಕರೆ ಮಾಡುವುದು, ಅಪ್ಪ ಫೋನ್ ಎತ್ತದಿದ್ದರೆ ನೆರೆಮನೆಯ ಯಾರಿಗೆ ಹೇಳುವುದು, ರಾತ್ರಿಯಾದರೆ ಯಾರ ಗಾಡಿ. ತೋಟದ ನಡುವಿನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರವಾದರೆ, ಮಲಗುವಾಗ ಫೋನ್ ಇಡಬೇಕಾದದ್ದು ಆ ಮೂಲೆಯಲ್ಲಿ. ಸೆನ್ಸರ್ ಹಾಕಿಕೊಂಡವರಾದರೆ ಅವರ ಹಾಸಿಗೆಯೂ ಬ್ಲೂಟೂತ್ ಸಿಗುವಷ್ಟು ಹತ್ತಿರದಲ್ಲಿರಬೇಕು.